ಎರಡು ಎಡತೋಳಿನ ಕೋಟು: ಸ್ಕ್ಯಾನಿಂಗ್ ಯಂತ್ರದವರಿಗೆ ಒಂದು ಬಹಿರಂಗ ಪತ್ರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬೇಸಿಗೆಯಲ್ಲೂ ಸ್ವೆಟರ್ ಬೇಕೆನಿಸುವ ಕೋಣೆಯೊಳಗೆ, ಬಾಗಿಲಿಗೆ ಕೆಂಪು ದೀಪ ಹಾಕಿಸಿಕೊಂಡು ವಿರಾಜಮಾನರಾಗಿರುವ ಎಂ.ಆರ್.ಐ. ಯಂತ್ರ ಮಹಾಶಯರ ಸನ್ನಿಧಾನಕ್ಕೆ, ಟೈಲರ್ ಅಂಗಡಿಯಲ್ಲಿ ಇಸ್ತ್ರಿ ಹಾಕುವ ಈ ಬಡಪಾಯಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕ್ಷೇಮ ನೋಡಿಕೊಳ್ಳಲು ಎರಡು ಏಸಿಗಳಿವೆ. ಹೊರಗೆ ಕಾಯುವ ನಮಗೆ ಒಂದು ಫ್ಯಾನಿದೆ, ಅದೂ ಅದಕ್ಕೆ ಮನಸ್ಸು ಬಂದಾಗ ತಿರುಗುತ್ತದೆ. ಹೋದ ತಿಂಗಳು ತಮ್ಮ ಬಾಯೊಳಗೆ ಮಲಗಿ ಎದ್ದು ಬಂದ ನನ್ನ ಅಕ್ಕನ ನೆನಪು ತಮಗಿರಲಾರದು. ತಮ್ಮನ್ನು ದೂರಿ ಏನು ಬಂತು, ಈಚೆಗೆ ಅಕ್ಕನಿಗೇ ಎಷ್ಟೋ ಸಂಗತಿ ನೆನಪಿರುವುದಿಲ್ಲ. ಅದಕ್ಕೇ ಅಲ್ಲವೇ ಅವಳನ್ನು ತಮ್ಮಲ್ಲಿಗೆ ಕಳಿಸಿದ್ದು?

ಅಕ್ಕ ನಮ್ಮ ಅಂಗಡಿಯ ಕಟಿಂಗ್ ಮೇಜಿನವಳು. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಅವನ ಯಾವ ಭುಜ ತಗ್ಗು ಎಂದು ಹೇಳುತ್ತಿದ್ದಳು. ಸಿಕ್ಕ ಕೆಲಸಗಳನ್ನೆಲ್ಲ ಬಿಟ್ಟು ಬೀದಿ ಸುತ್ತುತ್ತಿದ್ದ ನನ್ನನ್ನು ಕಿವಿ ಹಿಡಿದು ತಂದು ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಲ್ಲಿಸಿದವಳೂ ಅವಳೇ. ಅಂಥವಳಿಗೆ ಲೂಪಸ್ ಬಂತು. ಮೈ ಕಾಯಲು ಇರುವ ಕಾವಲಿನವರೇ ಮನೆಯವರಿಗೆ ಬಾರಿಸುವ ಕಾಯಿಲೆಯಂತೆ ಅದು. ಮೊದಲು ಕೆನ್ನೆ ಕೆಂಪಾಯಿತು, ಆಮೇಲೆ ಬೆರಳ ಗಂಟುಗಳು ಊದಿದವು. ಇವಕ್ಕೆಲ್ಲ ಮಾತ್ರೆ ನುಂಗಿ ಸುಧಾರಿಸಿಕೊಂಡಳು. ಕೊನೆಗೆ ಆ ಕಾವಲಿನವರು ಮಾಳಿಗೆ ಹತ್ತಿ ತಲೆಗೇ ಕೈ ಹಾಕಿದರು. ಕತ್ತರಿ ಕಣ್ಣೆದುರೇ ಇರುತ್ತಿತ್ತು, ಅದರ ಹೆಸರು ಮಾತ್ರ ಅವಳ ಬಾಯಿಗೆ ಬರುತ್ತಿರಲಿಲ್ಲ. "ಅದು ಕೊಡೋ... ಅದೇ ಕಣೋ... ಕುಯ್ಯೋದು!" ಎಂದು ನನ್ನ ಮೇಲೆಯೇ ರೇಗುತ್ತಿದ್ದಳು. ಅಮ್ಮನಿಗೋ, "ಮಹಾರಾಣಿಗೆ ಮೈಮೇಲೆ ಪ್ರಜ್ಞೆ ಇಲ್ಲ" ಎಂಬ ಒಂದೇ ರಾಗ.

ಕಡೆಗೆ ಕೋಟಿನ ಪ್ರಸಂಗ ನಡೆಯಿತು. ತೋಳು ಕತ್ತರಿಸುವಾಗ ಒಂದು ಕತ್ತರಿಸಿದ ಮೇಲೆ ಮಾದರಿ ಕಾಗದವನ್ನು ಮಗುಚಿ ಇನ್ನೊಂದನ್ನು ಕತ್ತರಿಸಬೇಕು. ಅಕ್ಕ ಮಗುಚಲಿಲ್ಲ. ಎರಡೂ ಎಡಗೈಯ ತೋಳಾದವು. ಹೊಲಿಯುವವರೂ ತಲೆ ತಗ್ಗಿಸಿ ಹೊಲಿದರು, ನಾನೂ ತಲೆ ತಗ್ಗಿಸಿ ಇಸ್ತ್ರಿ ಹಾಕಿದೆ. ಮದುವೆ ಗಂಡು ಕನ್ನಡಿ ಮುಂದೆ ನಿಂತಾಗ ಅವನ ಬಲಗೈ, ಹಿಂದಿನಿಂದ ಯಾರೋ ಸಾಲದವರು ಕರೆದಂತೆ, ಬೆನ್ನ ಕಡೆಗೆ ತಿರುಗಿ ನಿಂತಿತ್ತು. ಬೇರೆ ತೋಳಿಗೆ ಬಟ್ಟೆ ಉಳಿದಿರಲಿಲ್ಲ.

ಆಗ ಅಕ್ಕನ ಲೂಪಸ್ಸಿಗೆ ಔಷಧ ಕೊಡುತ್ತಿದ್ದ ಡಾಕ್ಟರಮ್ಮ ಅವಳನ್ನು ತಮ್ಮ ಸನ್ನಿಧಿಗೆ ಕಳಿಸಿದರು. ಬಳೆ, ಓಲೆ, ಕೂದಲ ಪಿನ್ನು ಎಲ್ಲ ಬಿಚ್ಚಿಸಿಕೊಂಡಿರಿ. "ಅಲುಗಾಡಬೇಡಿ" ಎಂದು ಹೇಳಿಸಿ, ತಾವು ಮಾತ್ರ ರಸ್ತೆ ಅಗೆಯುವವರಂತೆ ಗಡಗಡ ಟಕಟಕ ಎಂದು ಅಬ್ಬರಿಸಿದಿರಿ. ಇಷ್ಟೆಲ್ಲ ಶ್ರಮಪಟ್ಟು ತಾವು ದಯಪಾಲಿಸಿದ ವರದಿಯ ಸಾರ ಇಷ್ಟೇ: ಮೆದುಳು ಸಹಜವಾಗಿದೆ. ಆಹಾ! ನಮ್ಮ ವಂಶದಲ್ಲಿ ಇಂಥ ಪ್ರಮಾಣಪತ್ರ ಪಡೆದವರು ಹಿಂದೆ ಯಾರೂ ಇಲ್ಲ. ಚೌಕಟ್ಟು ಹಾಕಿಸೋಣವೆಂದುಕೊಂಡೆ.

ಅಷ್ಟರಲ್ಲಿ ಅಂಗಡಿಯ ಮಾಲೀಕರು ಅದನ್ನು ಓದಿಬಿಟ್ಟರು. "ನೋಡಮ್ಮಾ, ಅಷ್ಟು ದೊಡ್ಡ ಮಿಷಿನ್ನೇ ತಲೆ ಸರಿಯಾಗಿದೆ ಅಂತಿದೆ. ಹಾಗಾದ್ರೆ ಇದು ಕಾಯಿಲೆ ಅಲ್ಲ, ಸೊಕ್ಕು. ಎರಡು ಎಡತೋಳು ಯಾರಿಗಮ್ಮ, ನಿಮ್ಮಪ್ಪನಿಗಾ?" ಎಂದು ಕತ್ತರಿ ಕಿತ್ತುಕೊಂಡು, ಮೂಲೆಯ ಸ್ಟೂಲು ತೋರಿಸಿ, ಗುಂಡಿ ಹೊಲಿಯಲು ಕೂರಿಸಿದರು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಅಕ್ಕನೂ ತಮ್ಮ ಮಾತನ್ನೇ ನಂಬಿಬಿಟ್ಟಳು ಸ್ವಾಮಿ. "ತಲೆ ಸರಿ ಇದೆಯಂತಲ್ಲೋ. ಅಂದ್ರೆ ನಾನೇ ಸರಿ ಇಲ್ಲ" ಎಂದಳು. ಮಾತ್ರೆ ಬಿಟ್ಟಳು. ಆಸ್ಪತ್ರೆಯ ದಾರಿ ಬಿಟ್ಟಳು. ಗುಂಡಿ ಹೊಲಿಯುತ್ತ, ತನ್ನನ್ನೇ ತಾನು ಬೈದುಕೊಳ್ಳುತ್ತ ಕೂತಳು. ಇಷ್ಟು ಕೆಲಸವನ್ನು ಲೂಪಸ್ಸಿಗೂ ಮಾಡಲು ಆಗಿರಲಿಲ್ಲ. ತಮಗೆ ಒಂದು ಸಾಲು ಸಾಕಾಯಿತು. ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಡಾಕ್ಟರಮ್ಮನ ಬಾಗಿಲಲ್ಲಿ ಹೋಗಿ ನಿಂತೆ. ಅವರು ಹೇಳಿದ್ದು ಇದು: "ರಕ್ತ ಹೆಪ್ಪುಗಟ್ಟಿದ್ರೆ, ಗಾಯ ಆಗಿದ್ರೆ ಆ ಯಂತ್ರ ತೋರಿಸುತ್ತಪ್ಪಾ. ಅದು ಇಲ್ಲ ಅನ್ನೋದು ಒಳ್ಳೇ ಸುದ್ದಿ. ಆದ್ರೆ ಲೂಪಸ್ಸಿನಲ್ಲಿ ಮರೆವು, ಮಂಕು ಇದ್ದೂ ಚಿತ್ರ ಚೊಕ್ಕಟವಾಗಿ ಬರೋದು ತುಂಬಾ ಮಾಮೂಲಿ. ಅವಳನ್ನ ಕರ್ಕೊಂಡು ಬಾ, ಬೇರೆ ಪರೀಕ್ಷೆ ಮಾಡ್ಬೇಕು." ಇದು ತಮಗೂ ಗೊತ್ತಿರಬೇಕಲ್ಲವೇ? ಹಾಗಿದ್ದರೆ "ನನಗೆ ಕಂಡಷ್ಟರಲ್ಲಿ" ಎಂಬ ಎರಡು ಪದ ಸೇರಿಸಲು ತಮ್ಮ ಶಾಯಿಗೆ ಏನು ಬರಗಾಲ ಬಂದಿತ್ತು?

ಅಕ್ಕನನ್ನು ಒಪ್ಪಿಸಲು ಒಂದು ವಾರ ಜಗಳವಾಡಿದೆ. ಈ ಪರೀಕ್ಷೆಗೆ ಏಸಿಯಿಲ್ಲ, ಗಡಗಡವಿಲ್ಲ. ಒಂದು ಮೇಜು, ಎದುರಿಗೆ ಒಬ್ಬ ಹುಡುಗಿ. ಆಕೆ ಅಂಕಿಗಳನ್ನು ಹೇಳುತ್ತಿದ್ದಳು, ಅಕ್ಕ ಅವನ್ನು ಕೊನೆಯಿಂದ ಮೊದಲಿಗೆ ಒಪ್ಪಿಸಬೇಕಿತ್ತು. ಆಕೆ ಪದಗಳನ್ನು ಓದುತ್ತಿದ್ದಳು, ಸ್ವಲ್ಪ ಹೊತ್ತು ಬಿಟ್ಟು ಅಕ್ಕ ಅವನ್ನೆಲ್ಲ ನೆನೆದು ಹೇಳಬೇಕಿತ್ತು. ಅಕ್ಕ ಅರ್ಧಕ್ಕರ್ಧ ತಪ್ಪಿದಳು. ಗಮನ, ನೆನಪು ಎರಡೂ ಕುಗ್ಗಿವೆ, ಕಾರಣ ಕಾಯಿಲೆ, ಸೋಮಾರಿತನವಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಅಕ್ಕ ಹೊರಗೆ ಬಂದವಳೇ ನನ್ನ ತೋಳು ಹಿಡಿದುಕೊಂಡು ಅತ್ತಳು, ಜೊತೆಗೇ ನಕ್ಕಳು: "ಇದೆ ಕಣೋ! ನಿಜವಾಗ್ಲೂ ಇದೆ! ನಾನು ನಾಟಕ ಆಡ್ತಿರ್ಲಿಲ್ಲ!" ಫೇಲಾಗುವುದರಲ್ಲಿ ನನಗಿರುವಷ್ಟು ಅನುಭವ ನಮ್ಮ ಮನೆಯಲ್ಲಿ ಇನ್ನಾರಿಗೂ ಇಲ್ಲ. ಆದರೂ ಫೇಲಾಗಿ ಇಷ್ಟು ಖುಷಿಪಟ್ಟವರನ್ನು ನಾನು ಕಂಡಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣ ಕೋರಿಕೆ. ತಾವು ಒಂದು ದಿನ ಬಿಡುವು ಮಾಡಿಕೊಂಡು, ನೆಲಮಾಳಿಗೆಯ ಮೆಟ್ಟಿಲು ಹತ್ತಿ, ಬಸ್ಸು ಹಿಡಿದು ನಮ್ಮ ಅಂಗಡಿಗೆ ಬಂದು, ಎಲ್ಲರೆದುರು ಅಕ್ಕನ ಕ್ಷಮೆ ಕೇಳಬೇಕು. ಅಷ್ಟು ಭಾರದ ಶರೀರ ಹೊತ್ತು ಬರುವುದು ಕಷ್ಟವಾದರೆ, ಇನ್ನು ಮುಂದೆ ಒಬ್ಬರ ತಲೆಯ ಬಗ್ಗೆ ಬರೆಯುವ ಮೊದಲು ಆ ತಲೆಯವರನ್ನು ಒಂದು ಮಾತು ಕೇಳಿ. ಬರೀ ಒಂದು ಮಾತು.

ತಮ್ಮ ಅಪಾರ ಕಾಂತಶಕ್ತಿಯಿಂದ ಸುರಕ್ಷಿತ ದೂರದಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ಇಸ್ತ್ರಿಯವನು

ತಾ.ಕ.: ಮಾಲೀಕರಿಗೆ ಡಾಕ್ಟರಮ್ಮ ಫೋನಿನಲ್ಲಿ ಏನು ಹೇಳಿದರೋ, ಸೋಮವಾರದಿಂದ ಅಕ್ಕ ತಲೆ ಹಗುರವಾಗಿರುವ ಬೆಳಗಿನ ಹೊತ್ತು ಕಟಿಂಗ್ ಮಾಡುತ್ತಿದ್ದಾಳೆ. ಹೀಗಾಗಿ ಗುಂಡಿ ಹೊಲಿಯುವ ಸ್ಟೂಲು ಖಾಲಿಯಿದೆ. ತಾವು ಧಾರಾಳವಾಗಿ ಅರ್ಜಿ ಹಾಕಬಹುದು. ಆದರೆ ಅಲ್ಲಿ ಸೂಜಿಯ ಕಣ್ಣು ಕಾಣಲಿಲ್ಲವೆಂದರೆ, ಸೂಜಿಗೆ ಕಣ್ಣೇ ಇಲ್ಲವೆಂದು ಬರೆದುಕೊಟ್ಟು ಮನೆಗೆ ಹೋಗಲು ಬಿಡುವುದಿಲ್ಲ.