ಟಗರಿನ ಮ್ಯಾಲ ಆರು ತಿಂಗಳು

ಎಲ್ಲಿ ಒಂದು ಹೊಸಾ ಯಂತ್ರ ಬರತೈತಿ, ಅಲ್ಲಿ ನಾಕು ಮಂದಿ ಶಾಣ್ಯಾರು ಇದ್ದೇ ಇರತಾರ. ಯಂತ್ರ ತನ್ನ ಪಾಡಿಗೆ ತಾ ಇರತೈತಿ, ಫಜೀತಿ ಆಗೂದೆಲ್ಲ ಈ ಶಾಣ್ಯಾರಿಂದ. ಎಪ್ಪತ್ತರ ದಶಕದಾಗ ನಾ ಸೊಲ್ಲಾಪುರದ ಒಂದು ಚಾದರ ಕಾರಖಾನಿ ಗೋದಾಮಿನ್ಯಾಗ ಫೋರ್ಕ್‌ಲಿಫ್ಟ್ ಹೊಡೀತಿದ್ದೆ. ಆ ಶಾಣ್ಯಾರೊಳಗ ನಾನೂ ಒಬ್ಬಾಂವ, ಸುಳ್ಳ ಯಾಕ ಹೇಳಲಿ.

ಅದಕ್ಕೂ ಮೊದಲ ನಾ ಅಲ್ಲೇ ಹಮಾಲಿ ಮಾಡತಿದ್ದೆ. ಅಕ್ಕಲಕೋಟಿ ಕಡೆ ಹನ್ನೂರ ನಮ್ಮೂರು. ಎಂಟು ವರ್ಷ ಹತ್ತಿ ಅಂಡಿಗಿ ಹೊತ್ತು ನಡಾ ಹಾಳ ಮಾಡ್ಕೊಂಡಿದ್ದೆ. "ಇನ್ನ ಭಾರ ಹೊತ್ತರ ಹಾಸಿಗಿ ಹಿಡೀತಿ ನೋಡ" ಅಂತ ಡಾಕ್ಟರು ಹೇಳಿದ್ರು. ಅಷ್ಟರಾಗ ಈ ಯಂತ್ರ ಬಂತು. ಮುಂದ ಎರಡು ಕಬ್ಬಿಣದ ಕೋಡು. ಅವನ್ನ ಅಂಡಿಗಿ ಬುಡಕ ತೂರಿಸಿದ್ರ ಎಷ್ಟ ಎತ್ತರಕ್ಕ ಬೇಕಂದ್ರ ಅಷ್ಟ ಎತ್ತತಿತ್ತು. ಹಮಾಲರು ಅದಕ್ಕ 'ಟಗರು' ಅಂತ ಹೆಸರಿಟ್ಟರು. ಪುಣೆದಿಂದ ಒಬ್ಬ ಮೆಕ್ಯಾನಿಕ್ ಬಂದು ಎಂಟು ದಿನ ನಂಗ ಕಲಿಸಿ ಹೋದ. ಆಮ್ಯಾಲ ಸಾವಕಾರ್ರು ಕರದು ಹೇಳಿದ್ರು:

"ಆರು ತಿಂಗಳ ನೋಡತೀನಿ. ಒಬ್ಬರದರೆ ಕೈಕಾಲು ಮುರೀತು ಅಂದ್ರ ಯಂತ್ರ ವಾಪಸ್, ನೀ ಮತ್ತ ಹಮಾಲಿಗೆ. ಏನೂ ಆಗಲಿಲ್ಲಂದ್ರ ನಿನ್ನ ಕಾಯಂ ಮಾಡತೀನಿ."

ನಡಾ ಹೋದಾಂವ ಮತ್ತ ಹಮಾಲಿಗೆ ಹೆಂಗ ಹೋಗೂದ್ರಿ? ಆರು ತಿಂಗಳ ನಾ ದೇವರ ಹಂತ್ಯಾಕ ಬೇಡಿಕೊಂಡದ್ದು ಒಂದೇ. ಯಪ್ಪಾ, ಯಾರ ಕಾಲೂ ಮುರೀಬಾರದು!

೧. ಯೇವು ದ್ಯಾ, ಯೇವು ದ್ಯಾ

ಮೊದಲನೇ ಗಂಡಾಂತರ ಬಂದದ್ದು ಖಂಡೇ ನವಮಿ ದಿನ. ಟಗರಿಗೂ ಪೂಜಾ ಆತು. ನಾಕು ಗಾಲಿ ಕೆಳಗ ನಾಕು ಲಿಂಬಿಹಣ್ಣು. ಹಮಾಲರಿಗೆಲ್ಲ ಹಿರಿಯ ಅಂದ್ರ ಮುಕಾದಮ ಕಾಕಾ. ಅಂವ ಭಕ್ತಿ ಜಾಸ್ತಿ ಆಗಿ ಚೆಂಡುಹೂವಿನ ಮಾಲಿ ಎಷ್ಟು ಹಾಕಿದ್ದ ಅಂದ್ರ ನಂಗ ಮುಂದ ಹೂವು ಬಿಟ್ಟರ ಏನೂ ಕಾಣವಲ್ದು.

"ಕಾಕಾ, ದಾರಿ ಕಾಣಸವಲ್ದೋ" ಅಂದೆ.

"ನಾ ಸತ್ತೀನೇನ? ನಾ ತೋರಸ್ತೀನಿ, ನೀ ಬಾ" ಅಂದ.

ಅಂದಾಂವನೇ ಟಗರಿನ ಮುಂದ ನಿಂತು, ಎಸ್‌ಟಿ ಬಸ್ಸಿನ ಕಂಡಕ್ಟರನಂಗ ಎರಡೂ ಕೈ ಬೀಸಿ "ಯೇವು ದ್ಯಾ, ಯೇವು ದ್ಯಾ" ಅಂದ್ರ 'ಬರಲಿ, ಬರಲಿ' ಅಂತ ಮರಾಠಿಯೊಳಗ ಕರಕೋತ ಹಿಂದಕ್ಕ ಹಿಂದಕ್ಕ ಸರದ. ನಾ ಸಾವಕಾಶ ಬರಾಕತ್ತಿದ್ದೆ. ಅವನ ಧ್ಯಾಸ ಎಲ್ಲಾ ಲಿಂಬಿಹಣ್ಣಿನ ಮ್ಯಾಲ. ಬೆನ್ನ ಹಿಂದ ನೂಲಿಗೆ ಬಣ್ಣ ಹಾಕೋ ತೊಟ್ಟಿ ಐತಿ ಅನ್ನೂದು ಅವಂಗ ನೆನಪಿಲ್ಲ, ಹೂವಿನ ಸಂದ್ಯಾಗ ನಂಗ ಕಾಣಂಗಿಲ್ಲ. ಎರಡು ಸಲ "ಯೇವು ದ್ಯಾ" ಕೇಳಿಸ್ತು. ಮೂರನೇದ್ದು ತೊಟ್ಟಿಯೊಳಗಿಂದ ಬಂತು.

ನಾ ಗಚ್ಚನ ಬ್ರೇಕ್ ಒತ್ತಿದೆ. ಸಾವಕಾರ್ರು ಧೋತರ ಎತ್ತಿಕೊಂಡು ಓಡಿ ಬಂದ್ರು. "ಕಾಲು? ಅವನ ಕಾಲು ಹೆಂಗ ಅದಾವು?"

"ಕಾಲು ಗಟ್ಟಿ ಅದಾವ್ರಿ" ಅಂದೆ, ಉಸರು ಬಿಟ್ಟು. "ಕೆಂಪ ಆಗ್ಯಾವ ಅಷ್ಟ."

ಹೋಳಿ ಹುಣ್ಣಿಮಿ ಇನ್ನೂ ಐದು ತಿಂಗಳ ಇತ್ತು. ನಮ್ಮ ಮುಕಾದಮ ಕಾಕಾನ ಮಾರಿಮ್ಯಾಲ ಅದು ಅವತ್ತೇ ಸುರು ಆತು.

೨. ಹಿಂದಕ್ಕ ಹೋಗೋ ವರ

ಆಗ ವಾಗದರಿಯೊಳಗ ನಂಗೊಂದು ಕನ್ಯಾ ಗೊತ್ತ ಮಾಡಾಕತ್ತಿದ್ರು. ಹುಡುಗಿ ಅಪ್ಪ ಭಾಳ ಚೌಕಶಿ ಮನಶಾ. ವರ ಹೆಂಗ ದುಡೀತಾನ ನೋಡೇಬಿಡೂಣು ಅಂತ ಯಾರಿಗೂ ಹೇಳದ ಸೊಲ್ಲಾಪುರಕ್ಕ ಬಂದು, ನಮ್ಮ ಗೇಟಿನ ಎದುರಿನ ಚಹಾದ ಅಂಗಡ್ಯಾಗ ದಿನಾ ಪೂರಾ ಕುಂತಾನ.

ಅವತ್ತ ನಾ ಅಂಡಿಗಿ ಮ್ಯಾಲ ಅಂಡಿಗಿ ಹೇರಿ ಒಯ್ಯಾಕತ್ತಿದ್ದೆ. ಹಂಗ ಹೇರಿದಾಗ ಮುಂದಿನ ದಾರಿ ಮುಚ್ಚಿ ಹೋಗತೈತಿ. ಅದಕ್ಕ ಮಾರಿ ಹಿಂದ ತಿರುವಿಕೊಂಡು ರಿವರ್ಸನ್ಯಾಗ ಹೋಗಬೇಕು ಅಂತ ಮೆಕ್ಯಾನಿಕ್ ಹೇಳಿಕೊಟ್ಟಿದ್ದ. ಹುಡುಗಿ ಅಪ್ಪಗ ಇದೇನ ಗೊತ್ರಿ? ಊರಿಗೆ ಹೋಗಿ ಸಂಬಂಧ ಹಚ್ಚಿದ್ದ ನಡುವಿನ ಮನಶಾನ ಮುಂದ ಹೇಳ್ಯಾನ:

"ಹುಡುಗ ಛಲೋ ಅದಾನ, ಚಟಾ ಗಿಟಾ ಏನೂ ಇಲ್ಲ. ಆದರ ಮುಂಜಾನಿಂದ ಸಂಜೀತನಾ ಬರೇ ಹಿಂದಕ್ಕೇ ಹೋದ. ಮುಂದ ಹೋಗಾಕ ಬರಲಾರದಾಂವಂಗ ಮಗಳನ್ನ ಹೆಂಗ ಕೊಡ್ಲಿ?"

ಸುದ್ದಿ ಕೇಳಿದ್ದ ತಡಾ ನಾ ಆ ನಡುವಿನ ಮನಶಾನ ಹಂತ್ಯಾಕ ಓಡಿದೆ. "ಒಂದ ವಾರ ಬಿಟ್ಟು ಅವರನ್ನ ಮತ್ತ ಕರಕೊಂಡು ಬರ್ರಿ" ಅಂತ ಕೈಕಾಲು ಬಿದ್ದೆ. ಬಂದ್ರು. ಅವರು ಚಹಾದ ಅಂಗಡ್ಯಾಗ ಕುಂತಿದ್ದ ನೋಡಿ, ಖಾಲಿ ಟಗರು ತಗೊಂಡು ಅಂಗಳದಾಗ ಹತ್ತು ಸುತ್ತು ಮುಂದಕ್ಕ ಹೊಡದೆ. ಗೇಟಿನ ಮುಂದ ಬಂದಾಗ ಹಾರ್ನ್ ಬ್ಯಾರೆ.

"ಶಾಬಾಸ್! ಒಂದ ವಾರದಾಗ ಕಲತಾನ ನೋಡ್ರಿ" ಅಂದ್ರಂತ ಮಾವನೋರು. "ಆದರ ನಿಶ್ಚಿತಾರ್ಥದ ಸಾಖರಪುಡಾ ಮಾತ್ರ ನೌಕರಿ ಕಾಯಂ ಆದ ಮ್ಯಾಲೇ."

ಆತ ತಗೋರಿ. ಇಷ್ಟ ದಿನ ಮಂದಿ ಕಾಲಿನ ಮ್ಯಾಲ ನನ್ನ ಹೊಟ್ಟಿ ಇತ್ತು. ಈಗ ಲಗ್ನಾನೂ ಹೋಗಿ ಅಲ್ಲೇ ಕುಂತಿತು.

೩. ಗುಮಾಸ್ತರು ಮ್ಯಾಲ ಹೋದದ್ದು

ಗೋದಾಮಿನ ಮ್ಯಾಲಿನ ತಗಡಿನ ಪತ್ರಾಕ್ಕ ತೂತು ಬಿದ್ದಿತ್ತು. ಅದನ್ನ ನೋಡಬೇಕಾಗಿದ್ದ ನಮ್ಮ ಗುಮಾಸ್ತರು ದಪ್ಪ ಆಳು, ನಿಚ್ಚಣಿಕಿ ಹತ್ತಾಕ ಅವರಿಂದ ಆಗಂಗಿಲ್ಲ. "ನಿನ್ನ ಟಗರಿನ ಮ್ಯಾಲ ಒಂದು ಹಲಗಿ ಹಾಕು, ನನ್ನ ಎತ್ತು" ಅಂದ್ರು.

"ಇದರಾಗ ಮಂದೀನ ಎತ್ತಬಾರದ್ರಿ, ಮೆಕ್ಯಾನಿಕ್ ಹೇಳ್ಯಾನ" ಅಂದೆ.

"ನಾ ಮಂದಿ ಏನೋ? ನಾ ಗುಮಾಸ್ತ!"

ಇದಕ್ಕ ಏನ ಹೇಳತೀರಿ? ಎತ್ತಿದೆ. ಗುಮಾಸ್ತರು ಪತ್ರಾಕ್ಕ ತಲಿ ತಾಕೂ ಹಂಗ ಮ್ಯಾಲ ಹೋದ್ರು, ಅಷ್ಟರಾಗ ಡೀಜಲ್ ಖಲಾಸ್. ಎಂಜಿನ್ ಬಂದ್. ಅವರು ಮ್ಯಾಲಿಂದ ಒದರಾಕತ್ತಿದ್ರು, ನಾ ಕೆಳಗ ತಲಿ ತಲಿ ಬಡಕೊಳ್ಳಾಕತ್ತಿದ್ದೆ. ಇಂವ ಬಿದ್ದರ ಕಾಲು ಒಂದೇ ಮುರಿಯಂಗಿಲ್ಲ, ಎಲ್ಲಾ ಮುರೀತಾವ!

ಒದರೂದು ಕೇಳಿ ಅಂಡಿಗಿ ರಾಶಿಯ ತುದಿ ಮ್ಯಾಲ ಒಬ್ಬ ಹಮಾಲ ಎದ್ದು ಕುಂತ. ಅಂವ ಅವತ್ತ ಅಕ್ಕಲಕೋಟಿಗೆ ಸ್ವಾಮಿ ದರ್ಶನಕ್ಕ ಹೋಗತೀನಿ ಅಂತ ರಜಾ ತಗೊಂಡಾಂವ! ತಂಪಿದ್ದ ಜಾಗಾ ಅಂತ ಅಲ್ಲಿ ಹತ್ತಿ ಮಲಗಿದ್ದ. ಕಣ್ಣ ತೆರೆದರ ಮಾರಿಗೆ ಮಾರಿ ಗುಮಾಸ್ತರು, ಗಾಳ್ಯಾಗ ನಿಂತಾರ.

ಇದೇನ ಗದ್ದಲ ಅಂತ ನೋಡಾಕ ಬಂದ ಮುಕಾದಮ ಕಾಕಾ ಟಗರಿನ ಒಂದು ಹಿಡಕಿ ಮ್ಯಾಲ ಮೊಣಕೈ ಊರಿದ. ಟಗರು ಸುಸ್ಸ್ ಅಂತ ಗುಮಾಸ್ತರನ್ನ ಸಾವಕಾಶ ಕೆಳಗ ತಂದು ಇಳಿಸಿತು. ಇಳಿಸಾಕ ಎಂಜಿನ್ ಬೇಕಾಗೇ ಇಲ್ಲ, ಆ ಹಿಡಕಿ ಒತ್ತಿದ್ರ ಸಾಕು. ಗಾಬರ್ಯಾಗ ನಂಗ ಅದು ತಲ್ಯಾಗ ಬಂದಿದ್ದಿಲ್ಲ.

ಹಮಾಲನೂ ಇಳಿದು ಬಂದು ಗುಮಾಸ್ತರಿಗೆ ಕೈ ಮುಗದ. "ದರ್ಶನ ಆತ್ರಿ. ನಾಳೆ ಕೆಲಸಕ್ಕ ಬರತೀನಿ."

೪. ಕಡೀ ದಿನ

ಅಂತೂ ಇಂತೂ ಆರನೇ ತಿಂಗಳಿನ ಕಡೀ ದಿನ ಬಂತು. ಯಾರ ಕಾಲೂ ಮುರದಿದ್ದಿಲ್ಲ. ಸಂಜಿಗೆ ಸಾವಕಾರ್ರು ಫೈಸಲಾ ಹೇಳಾವ್ರು ಇದ್ರು.

ಅವತ್ತೇ ಹೊಸಾ ಮಗ್ಗದ ಕಬ್ಬಿಣದ ಪೆಟ್ಟಿಗಿ ಬಂದು ಗೇಟಿನ್ಯಾಗ ಕುಂತಿತು. ಕೋಡು ಹಾಕಿ ಎತ್ತಿದ್ರ ಪೆಟ್ಟಿಗಿ ಏಳವಲ್ದು, ಟಗರಿನ ಹಿಂದಿನ ಗಾಲೀನೇ ಏಳಾಕತ್ತಿದ್ವು. ಅಷ್ಟು ಭಾರ.

ಮುಕಾದಮ ಕಾಕಾ ಬಂದು ನೋಡಿದ. "ಇದರಾಗೇನ ದೊಡ್ಡದೈತೋ? ಚಕ್ಕಡ್ಯಾಗ ಹಿಂದ ಹೇರು ಜಾಸ್ತಿ ಆದ್ರ ಮುಂದ ಇಬ್ಬರು ಕೂಡಂಗಿಲ್ಲೇನು? ಇದಕ್ಕ ಮುಂದ ಜಾಸ್ತಿ ಆಗೈತಿ, ಹಿಂದ ಕೂಡೂಣು. ಬರ್ರೋ!"

ತಾ ಕುಂತ, ಮೂವರು ಹಮಾಲರು ಕುಂತ್ರು, ಭಾರ ಸಾಲದು ಅಂತ ಗುಮಾಸ್ತರನ್ನೂ ಎಳದು ಕುಂಡ್ರಿಸಿದ್ರು. ಇದು ತಪ್ಪು ಅಂತ ನಂಗ ಗೊತ್ತಿತ್ತು. ಆದರ ಕಡೀ ದಿನ ಈ ಟಗರಿನಿಂದ ಆಗಲಿಲ್ಲ ಅಂತ ಹೆಂಗ ಹೇಳಲಿ? ವಾಗದರಿ ಕಣ್ಣ ಮುಂದ ಕುಣ್ಯಾಕತ್ತಿತ್ತು. ಪೆಟ್ಟಿಗೀನ ಗೇಣು ಎತ್ತರ ಎತ್ತಿ ಮೆಲ್ಲಕ ಹೊಂಟೆ. ಗೇಣಿಗಿಂತ ಮ್ಯಾಲ ಎತ್ತಿದ್ದರ ಇವತ್ತ ಇದನ್ನ ಹೇಳಾಕ ನಾ ಇರತಿದ್ದಿಲ್ಲ.

ಅರ್ಧಾ ಅಂಗಳ ದಾಟಿದ್ವಿ. ಎದುರಿಗೆ ಸಾವಕಾರ್ರ ತಾಯಿ, ಅವ್ವಾರು, ಮಗ್ಗದ ಪೂಜಾಕ್ಕಂತ ಆರತಿ ತಾಟು ಹಿಡಕೊಂಡು ಬಂದ್ರು. ಬಾಜೂಕ ಸಾವಕಾರ್ರು.

"ಅವ್ವಾರು ಬಂದ್ರು!" ಅಂದ ಮುಕಾದಮ ಕಾಕಾ.

ನಮ್ಮ ಕಡೆ ಹಿರೇರು ಬಂದಾಗ ಮ್ಯಾಲ ಕುಂಡ್ರೂ ಪದ್ಧತಿ ಇಲ್ಲ. ಐದೂ ಮಂದಿ ಒಮ್ಮಿಗೇ ಟಣ್ಣನ ಜಿಗದು ಕಾಲಿಗೆ ಬೀಳಾಕ ಓಡಿದ್ರು. ನನ್ನ ಹಿಂದ ಯಾರೂ ಇಲ್ಲ!

ಪೆಟ್ಟಿಗಿ ಧಡ್ ಅಂತ ನೆಲಕ್ಕ ಕುಂತಿತು. ಟಗರು ಮೂತಿ ಕೆಳಗ ಹಾಕಿ, ಹಿಂಭಾಗ ಮೊಳದುದ್ದ ಮ್ಯಾಲ ಎತ್ತಿ ಅವ್ವಾರ ಮುಂದ ನಿಂತುಬಿಟ್ಟಿತು. ನಾ ಸ್ಟೇರಿಂಗ್ ತಬ್ಬಿಕೊಂಡು ಮ್ಯಾಲ ಜೋತು ಬಿದ್ದಿದ್ದೆ. ಸಾವಕಾರ್ರ ಮಾರಿ ಬೆಳ್ಳಗ ಆಗಿತ್ತು. ಒಬ್ಬೊಬ್ಬರ ಕಾಲೂ ನೋಡಾಕತ್ತಿದ್ರು. ಎಲ್ಲಾ ಗಟ್ಟಿ ಇದ್ವು, ಆದರ ಇನ್ನ ಯಾರ ಕೇಳತಾರ? ನೌಕರಿ ಹೋತು, ವಾಗದರೀನೂ ಹೋತು ಅನಕೊಂಡೆ.

ಅವ್ವಾರು ಒಂದ ಗಳಿಗಿ ಟಗರನ್ನ ನೋಡಿದ್ರು. ಮುಂದ ಬಂದು ಅದರ ಕೋಡಿಗೆ ಕುಂಕುಮ ಹಚ್ಚಿದ್ರು.

"ನೋಡೋ ತಮ್ಮಾ" ಅಂದ್ರು ಮಗಗ. "ನಿನ್ನ ಕಾರಖಾನ್ಯಾಗ ಇಷ್ಟು ಮಂದಿ ಅದಾರ. ತಲಿ ನೆಲಕ್ಕ ಹಚ್ಚಿ ನಮಸ್ಕಾರ ಮಾಡಿದ್ದು ಇದೊಂದೇ. ಇಂಥಾ ಸಂಸ್ಕಾರ ಇದ್ದದ್ದನ್ನ ವಾಪಸ್ ಕಳಸತೀ ಅಂತಲ್ಲ?"

ತಾಯಿ ಮಾತಿಗೆ ಸಾವಕಾರ್ರು ಎಂದೂ ಎದುರ ಆಡಿದವರಲ್ಲ. "ಇಲ್ಲವ್ವಾ, ಇಟ್ಕೋತೀನಿ" ಅಂದ್ರು.

"ಮತ್ತ ಇದಕ್ಕ ಇಷ್ಟು ಕಲಿಸಿದಾಂವ?"

"ಅಂವನೂ ಕಾಯಂ."

ನಂಗ ಕಣ್ಣಾಗ ನೀರ ಬಂತ್ರಿ. ಅವ್ವಾರು ಕತ್ತೆತ್ತಿ ನನ್ನ ಕಡೆ ನೋಡಿದ್ರು. "ಅಲ್ಲೋ, ಯಂತ್ರ ನಮಸ್ಕಾರ ಮಾಡತೈತಿ. ನೀ ಮಾತ್ರ ಸರದಾರನಂಗ ಮ್ಯಾಲ ಕುಂತೀಯಲ್ಲ?"

ಗಡಬಡಿಸಿ ಇಳಿದೆ. ಕಾಲು ಎರಡೂ ಥರಾ ಥರಾ ನಡಗತಿದ್ವು, ಅವ್ವಾರ ಮುಂದ ಬೀಳಾಕ ನಂಗ ಏನೂ ತ್ರಾಸ ಆಗಲಿಲ್ಲ.