ಸಾಯಬೇಕಿದ್ದ ಸಾಲು

ಎಲ್ಲ ಅನಾಹುತಕ್ಕೂ ಮೂಲ, ಸಾಯಬೇಕಿದ್ದ ಸಸಿಗಳು ವಿಧೇಯವಾಗಿ ಸತ್ತದ್ದು.

ಆಲೂಗಡ್ಡೆಯ ಸೊರಗು ರೋಗಕ್ಕೆ ಜಗ್ಗದ ತಳಿ ಹುಡುಕುವ ಕೇಂದ್ರದಲ್ಲಿ ಆತ ಹಂಗಾಮಿ ಸಹಾಯಕ. ಬಾಡಿದ ಸಸಿಗಳ ಮುಂದೆ ಕೂತೂ ಕೂತೂ ತಾನೂ ಬಾಡಿದ್ದರಿಂದ ಎಲ್ಲರ ಬಾಯಲ್ಲಿ ಸೊರಗಪ್ಪ. ಸಸಿಗಳ ಬೇರಿನ ತುದಿ ಕತ್ತರಿಸಿ, ರೋಗ ತರುವ ಬೂಷ್ಟಿನ ನೀರಲ್ಲಿ ಅದ್ದಿ, ಎರಡು ಸಾಲು ನೆಟ್ಟಿದ್ದ. ಒಂದು ಹೊಸ ತಳಿ, ಇನ್ನೊಂದು ರೋಗಕ್ಕೆ ತಕ್ಷಣ ಬೀಳುವ ಹಳೇ ತಳಿ. ಹಳೇದು ಸತ್ತರಷ್ಟೇ ರೋಗ ತಗುಲಿದ್ದು ಖಾತ್ರಿ. ಆಗಷ್ಟೇ ಹೊಸದು ಬದುಕಿದ್ದಕ್ಕೆ ಬೆಲೆ. ಇವತ್ತು ತಪಾಸಣೆಗೆ ಬರುವ ಮೇಡಂ ಮೆಚ್ಚಿದರೆ ಸೊರಗಪ್ಪನ ನೌಕರಿ ಕಾಯಂ.

ಬೆಳಿಗ್ಗೆ ಗಾಜಿನ ಮನೆಗೆ ನುಗ್ಗಿದ ನಿರ್ದೇಶಕರು ಒಣಗಿದ ಸಾಲು ಕಂಡು ಹಾವು ತುಳಿದವರಂತೆ ಹಾರಿದರು.

“ಏನಯ್ಯಾ ಇದು, ಸ್ಮಶಾನ?”

“ಸಾರ್, ಇವು ಸಾಯ್ಲೇಬೇಕು...”

“ಸಾಯೋದಿದ್ರೆ ನಾಳೆ ಸಾಯ್ಲಿ! ಇವತ್ತು ಮೇಡಂ ಬರ್ತಾರೆ, ಇದನ್ನೆಲ್ಲ ಎತ್ತಿ ಬಿಸಾಕು.”

“ನೀರೇ ಹಾಕಲ್ಲ ಸಾರ್ ಇವನು,” ಟೈಪಿಸ್ಟಮ್ಮ ಒಗ್ಗರಣೆ ಹಾಕಿದರು.

“ನೀರ್ಯಾಕೆ? ಇವನ ಮುಖ ನೋಡಿದ್ರೇ ಗಿಡ ಬಾಡುತ್ತೆ,” ಎಂದ ಡ್ರೈವರ್.

ಆಲೂಗಡ್ಡೆಯನ್ನು ತಟ್ಟೆಯಲ್ಲಷ್ಟೇ ಕಂಡಿದ್ದ ಈ ವಿದ್ವತ್ಸಭೆಯ ಮುಂದೆ ಸೊರಗಪ್ಪನ ಬೆನ್ನುಮೂಳೆ ಎಂದಿನಂತೆ ಬೆಂದ ಗಡ್ಡೆಯಾಯಿತು. “ಆಯ್ತು ಸಾರ್” ಎಂದವನೇ ಸತ್ತ ಸಸಿಗಳನ್ನು ಸ್ವಂತ ಕೈಯಾರೆ ತಿಪ್ಪೆಗೆ ಎಸೆದ. ಆ ಜಾಗದಲ್ಲಿ ಟೈಪಿಸ್ಟಮ್ಮನ ಹೂಕುಂಡಗಳು ಕರೆಯದೆ ಬಂದ ನೆಂಟರಂತೆ ಸಾಲಾಗಿ ಕೂತವು.

ಮೇಡಂ ಬಂದರು. ಹೂವು ನೋಡಿದರು. ನಿರ್ದೇಶಕರನ್ನು ನೋಡಿದರು.

“ಸಾಯಬೇಕಾದ ಸಾಲೆಲ್ರೀ? ಅದಿಲ್ದೆ ಹೊಸ ತಳಿ ಬದುಕಿದ್ದಕ್ಕೆ ಏನರ್ಥ?”

ನಿರ್ದೇಶಕರ ಮುಖ ಸುಣ್ಣವಾಯಿತು. ಹುಟ್ಟಿದಂದಿನಿಂದ ಇಲ್ಲದ ಧೈರ್ಯ ಸೊರಗಪ್ಪನಿಗೆ ಆಗ ಬಂತು. ಓಡಿದ, ತಿಪ್ಪೆ ಕೆದಕಿದ, ಸತ್ತ ಸಸಿಗಳನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದ. ಮೇಡಂ ಒಂದು ಕಾಂಡ ಸೀಳಿದರು. ಒಳಗೆ ಕಂದು ಗೆರೆ.

“ಭೇಷ್! ರೋಗ ಚೆನ್ನಾಗಿ ಹಿಡಿದಿದೆ. ಅಂದ್ಮೇಲೆ ಹೊಸ ತಳಿ ಗಟ್ಟಿ. ಯಾರು ಮಾಡಿದ್ದು?”

ಸೊರಗಪ್ಪ ಬಾಯಿ ತೆರೆಯುವಷ್ಟರಲ್ಲಿ ನಿರ್ದೇಶಕರು ಎದೆ ಉಬ್ಬಿಸಿದ್ದರು. “ಬದುಕಿರೋದೆಲ್ಲ ನಾನೇ ಸಾಕಿದ್ದು ಮೇಡಂ. ಸಾಯಿಸಿದ್ದು ಮಾತ್ರ ಇವನು.”

“ಹೀಗೆ ಸಾಯಿಸೋದೇ ಕಷ್ಟದ ಕೆಲಸ ಕಣ್ರೀ! ಇಂಥವರನ್ನ ಈ ಜಾಗದಿಂದ ಕದಲಿಸಬೇಡಿ.”

ಖುಷಿಗೆ ಸೊರಗಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಡಂ ಕಾರು ಮರೆಯಾಗುವುದನ್ನೇ ಕಾದು ಕೈಮುಗಿದ. “ಸಾರ್, ನನ್ನ ಕಾಯಂ...”

ನಿರ್ದೇಶಕರು ಪ್ರೀತಿಯಿಂದ ಅವನ ಹೆಗಲು ತಟ್ಟಿದರು.

“ಕಾಯಂ ಆದೋರನ್ನ ಬೇರೆ ವಿಭಾಗಕ್ಕೆ ಹಾಕ್ಲೇಬೇಕು ಕಣಯ್ಯಾ. ಕದಲಿಸಬೇಡಿ ಅಂದಿದಾರಲ್ಲ, ಮೇಡಂ ಮಾತು ಮೀರೋಕಾಗುತ್ತಾ? ನೀನು ಹಂಗಾಮಿಯಾಗೇ ಇರು. ಸಾಯೋವರೆಗೂ.”