ಕೊಂಬಿಲ್ಲದ ಮೋತ್ಯಾನ ಪರದೇಶ ಪ್ರವಾಸ

ನಾಯಿಗೆ ಕೊಂಬಿಲ್ಲ ಎಂದು ಬರೆಸಿ, ಅದರ ಮೇಲೆ ಸರ್ಕಾರಿ ಮುದ್ರೆ ಒತ್ತಿಸಿಕೊಂಡು ಬಂದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಮಾಮಾ, ನನ್ನ ತಾಯಿಯ ತಮ್ಮ. ಬೇರೆಯವರ ಮಾಮಾಗಳು ಪರದೇಶಕ್ಕೆ ಹೋದರೆ ಚಾಕಲೇಟು ತರುತ್ತಾರೆ, ಸೆಂಟು ತರುತ್ತಾರೆ. ನಮ್ಮ ಮಾಮಾ ನನ್ನನ್ನೂ ಕರೆದುಕೊಂಡು ಹೋಗಿ ನನಗೆ ಬಿ.ಪಿ. ತಂದುಕೊಟ್ಟರು!

ನಮ್ಮದು ಜತ್ತ ತಾಲೂಕು. ಇರುವುದು ಮಹಾರಾಷ್ಟ್ರದಲ್ಲಿ, ಮನೆಯ ಮಾತು ಕನ್ನಡ. ಜಗಳ ಕನ್ನಡದಲ್ಲಿ ಆಡುತ್ತೇವೆ, ಅರ್ಜಿ ಮರಾಠಿಯಲ್ಲಿ ಬರೆಯುತ್ತೇವೆ. ಮಾಮಾ ಉಮದಿಯವರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಕಂಡಕ್ಟರನ ಡಬಲ್ ಬೆಲ್ ಆಗದೆ ಒಂದು ದಿನವೂ ಬಸ್ಸು ಬಿಟ್ಟವರಲ್ಲ. ಒಂದು ಬೆಲ್ ಎಂದರೆ ನಿಲ್ಲು, ಎರಡು ಬೆಲ್ ಎಂದರೆ ಹೊರಡು. ಇದು ಅವರಿಗೆ ವೇದ, ಶಾಸ್ತ್ರ, ಪುರಾಣ ಎಲ್ಲ. ಮನೆಯಲ್ಲೂ ಮಾಮಿ ತಾಟಿಗೆ ಚಮಚದಿಂದ ಎರಡು ಸಲ ಬಡಿದರೇನೇ ಊಟಕ್ಕೆ ಏಳುವುದು. ನಿವೃತ್ತಿಯಾದ ಮೇಲೆ ಒಂದು ಹಳೇ ಬಿಳಿ ಕಾರು ಕೊಂಡರು. ಕಾರಿಗೆಲ್ಲಿ ಬೆಲ್ಲು? ಮೊದಲ ದಿನ ಇಂಜಿನ್ ಚಾಲೂ ಮಾಡಿಕೊಂಡು ಅರ್ಧ ತಾಸು ಮನೆಯ ಮುಂದೆಯೇ ಕುಳಿತಿದ್ದರು. ಕೊನೆಗೆ ಮಾಮಿ ಹೊರಗೆ ಬಂದು, "ಇದಕ್ಕಿಂತ ಆ ಕಟ್ಟಿ ಮ್ಯಾಲ ಕುಂದ್ರ್ರಿ, ಎಣ್ಣಿನರ ಉಳಿತೈತಿ" ಎಂದರು.

ಈ ಕಷ್ಟ ಪರಿಹರಿಸಿದ್ದು ಮೋತ್ಯಾ. ಮೋತ್ಯಾ ಎಂದರೆ ಸಣ್ಣ ನಡುವಿನ, ಉದ್ದ ಕಾಲಿನ ಬೇಟೆ ನಾಯಿ. ಅದು ಮಾಮಾನದಲ್ಲ, ಬಾಲಗಾಂವದ ಕಂಡಕ್ಟರ್ ಕಾಕಾನದು. ಮಾಮಾ ಮತ್ತು ಈ ಕಾಕಾ ಇಪ್ಪತ್ತೆರಡು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು. ಒಬ್ಬರ ಡಬ್ಬಿಯ ರೊಟ್ಟಿ ಇನ್ನೊಬ್ಬರ ಹೊಟ್ಟೆಗೆ. ಟಿಕೆಟ್ಟಿಗೆ ತೂತು ಹಾಕುವ ಪಂಚನ್ನು ಕಾಕಾ ಕಂಬಿಗೆ ಟಣ್ ಟಣ್ ಎಂದು ಬಡಿದರೆ ಬಸ್ಸು ಹೊರಡಬೇಕು. ಬಾಲಗಾಂವದಲ್ಲಿ ಆ ಸಪ್ಪಳ ಕೇಳಿ ಕೇಳಿ ಮೋತ್ಯಾನೂ ಹಿಂದೆಯೇ ಎರಡು ಸಲ ಬೊಗಳುವುದು ಕಲಿತಿತ್ತು. ಹೋದ ವರ್ಷ ಕಾಕಾನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರಾ ಹೋಯಿತು, ಮಾತೂ ಹೋಯಿತು. ಮಾಮಾ ದಿನಾ ನೋಡಲು ಹೋಗುತ್ತಿದ್ದರು. ಒಂದು ದಿನ ಮೋತ್ಯಾ ತಾನಾಗಿ ಕಾರು ಹತ್ತಿತು. ಬಾಗಿಲು ಹಾಕಿದ ಕೂಡಲೇ "ಭೌ, ಭೌ!" ಎಂದಿತು. ಮಾಮಾ ಹಿಂದೆ ಮುಂದೆ ನೋಡದೆ ಫಸ್ಟ್ ಗೇರ್ ಹಾಕಿದರು. ಅಂದಿನಿಂದ ಮೋತ್ಯಾನಿಗೆ ಹಗಲು ಕಾಕಾನ ಹಾಸಿಗೆ, ರಾತ್ರಿ ಮಾಮಾನ ಮನೆ; ಅದು ಇಲ್ಲದೆ ಕಾರಿನ ಗಾಲಿ ಉರುಳಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಇವತ್ತು ಬಿ.ಪಿ. ಗುಳಿಗೆ ನುಂಗುತ್ತಿರಲಿಲ್ಲ. ಹಿಂದೆ ಬಸ್ಸು ಖಾಲಿಯಾಗಿ ಡಿಪೋಗೆ ಹೋಗುವಾಗ ಕಾಕಾ ಕಿಟಕಿಯಿಂದ ತಲೆ ಹಾಕಿ, "ಕಾಠ್ಮಂಡು, ಕಾಠ್ಮಂಡು! ಯಾರ್ರೀ ಪಶುಪತಿನಾಥ, ಹತ್ರಿ ಲಗೂನ!" ಎಂದು ಕೂಗುತ್ತಿದ್ದನಂತೆ. ತಮಾಷೆಯೇ, ಆದರೆ ಆಸೆಯೂ ಹೌದು. ಒಂದಿನ ಇಬ್ಬರೂ ಹೋಗೋಣ ಎಂದು ಮಾತಾಗಿತ್ತು. ಈಗ ಕಾಕಾ ಹಾಸಿಗೆ ಹಿಡಿದ. ಮಾಮಾ ಒಂದು ಬೆಳಗ್ಗೆ ನನ್ನ ಮನೆಗೆ ಬಂದು ಹೇಳಿದರು:

"ಮಾಸ್ತರ, ದೀಪಾವಳಿ ಸೂಟಿ ಯಾವಾಗ? ನೇಪಾಳಕ್ಕ ಹೋಗೂದೈತಿ. ನಿನಗ ಹಿಂದಿ ಬರ್ತೈತಿ, ನೀ ಬಾ."

"ವಿಮಾನದಾಗೇನ್ರಿ ಮಾಮಾ?" ಎಂದೆ, ಆಸೆಬುರುಕ ನಾನು.

"ಕಾರಿನಾಗ. ನೀ, ನಾ, ಮೋತ್ಯಾ. ಅಂವ ಬರಂಗಿಲ್ಲ. ಅವನ ಬದಲಿ ಅವನ ನಾಯಿ ಬರ್ತೈತಿ."

ನನಗೆ ನಾಯಿ ಎಂದರೆ ಸಾಲಿಯ ಇನ್ಸ್‌ಪೆಕ್ಷನ್ನಿನಷ್ಟೇ ಭಯ. ಆದರೆ ಮಾಮಾನಿಗೆ ಇಲ್ಲ ಎನ್ನುವುದು ಹೇಗೆ? ಚಹಾದ ಅಂಗಡಿಯಲ್ಲಿ ಒಬ್ಬರು, "ಪರದೇಶ ಅಂದ್ರ ಸಮುದ್ರ ದಾಟಬೇಕು. ನೇಪಾಳ ಯಾತರ ಪರದೇಶ?" ಎಂದು ಕೆಣಕಿದರು. ಮಾಮಾ ಚಹಾದ ಬಸಿ ಕೆಳಗಿಟ್ಟು, "ಭೀಮಾ ದಾಟತೀನಿ, ನರ್ಮದಾ ದಾಟತೀನಿ, ಗಂಗಾ ದಾಟತೀನಿ. ಎಲ್ಲಾ ಕೂಡಿಸಿದ್ರ ನಿನ್ನ ಸಮುದ್ರಕ್ಕ ಕಡಿಮಿ ಆಗ್ತೈತೇನು?" ಎಂದರು.

ಕಾಕಾನ ಹೆಂಡತಿಯನ್ನು ಮಾಮಾ ವೈನಿ ಎನ್ನುತ್ತಾರೆ. ಆ ವೈನಿ ಮಾತ್ರ ನಗಲಿಲ್ಲ. ಕಾರಣವಿತ್ತು. ಲಕ್ವ ಹೊಡೆದ ಮೇಲೆ ಕಾಕಾ ಯಾರಿಗೂ ಸ್ಪಂದಿಸುತ್ತಿರಲಿಲ್ಲ. ಮೋತ್ಯಾ ಬಂದು ಹಾಸಿಗೆಯ ಮೇಲೆ ಮೂತಿ ಇಟ್ಟಾಗ ಮಾತ್ರ ಅವನ ಎಡಗೈ ಆಡುತ್ತಿತ್ತು. "ಒಯ್ಯುದು ಒಯ್ಯರಿ," ಎಂದಳು ವೈನಿ, "ಆದ್ರ ಹೊಳ್ಳಿ ತರ್ರಿ. ಅದು ಇಲ್ಲಂದ್ರ ಇವರು ಕಣ್ಣ ಸುದ್ದಾ ತೆರಿಯಂಗಿಲ್ಲ." ಮಾಮಾ ಕಾಕಾನ ಎಡಗೈ ಮುಟ್ಟಿ ಆಣೆ ಮಾಡಿದರು.

ನಾಯಿ ಗಡಿ ದಾಟಲು ರೇಬಿಸ್ ಚುಚ್ಚುಮದ್ದಿನ ಚೀಟಿ ಬೇಕು, ಆರೋಗ್ಯದ ದಾಖಲೆ ಬೇಕು. ದನದ ದವಾಖಾನೆಗೆ ಹೋದೆವು. ಚುಚ್ಚುಮದ್ದು ಹಾಕಿದರು. ದಾಖಲೆಗೆ ಬಂದಾಗ ಅಲ್ಲಿ ಇದ್ದದ್ದು ಒಂದೇ ಫಾರ್ಮು, ಖಿಲಾರಿ ಎತ್ತುಗಳನ್ನು ಪೇಟೆಗೆ ಸಾಗಿಸುವಾಗ ಕೊಡುವ ಮರಾಠಿ ಫಾರ್ಮು. ನಮ್ಮ ಕಡೆ ಪರವೂರಿಗೆ ಹೋಗುವ ಜನಾವರ ಎಂದರೆ ಎತ್ತೇ. ನಾಯಿ ಎಲ್ಲಿಗೆ ಹೋಗುತ್ತದೆ, ಪಾಪ! ಕಂಪೌಂಡರ್ ಒಂದೂ ಕಾಲಂ ಖಾಲಿ ಬಿಡದ ಪ್ರಾಮಾಣಿಕ. ಕೊಂಬು: ಇಲ್ಲ. ಇಣಿ, ಅಂದರೆ ಹೆಗಲ ಮೇಲಿನ ಡುಬ್ಬ: ಇಲ್ಲ. ಹಲ್ಲು ಕೂಡಿದೆಯೇ: ಕೂಡಿದೆ. ಗಳೇಕ್ಕೆ, ಅಂದರೆ ನೇಗಿಲಿಗೆ, ಹೂಡಬಹುದೇ: ಇನ್ನೂ ಹೂಡಿಲ್ಲ. ಮಾಲೀಕರ ಹೆಸರು ಕೇಳಿದಾಗ ಮಾಮಾ ಕಾಕಾನ ಹೆಸರು ಹೇಳಿದರು.

"ಮಾಮಾ, ನಿಮ್ಮ ಹೆಸರ ಬರಸ್ರಿ. ಗಡಿಯೊಳಗ ತೊಂದರಿ ಆದೀತು" ಎಂದೆ.

"ನಂದಲ್ಲದ್ದು ನಂದು ಅಂತ ಬರಸ್ಲೇನು? ಬಸ್ ಸುದ್ದಾ ನಂದಿರಲಿಲ್ಲ. ನಾ ಬರೇ ಡ್ರೈವರ್."

ಮುದ್ರೆ ಬಿತ್ತು. ನಾವು ಹೊರಟೆವು.

ಮುಂದಿನ ಸೀಟು ಕಂಡಕ್ಟರನದಲ್ಲ ಎಂಬುದು ಮಾಮಾನ ನಿಯಮ. ಹಾಗಾಗಿ ಮೋತ್ಯಾ ಹಿಂದೆ. ಜೊತೆಗೆ ನಾನೂ ಹಿಂದೆ, ಏಕೆಂದರೆ ಚಲಿಸುವ ವಾಹನದಲ್ಲಿ ಡ್ರೈವರನ ಪಕ್ಕ ಕುಳಿತು ಮಾತಾಡಬಾರದು! ಸೋಲಾಪುರ ದಾಟುವ ಹೊತ್ತಿಗೆ ಮೋತ್ಯಾನ ನಾಲ್ಕೂ ಕಾಲು ನನ್ನ ತೊಡೆಯ ಮೇಲಿದ್ದವು. ನಾನು ಉಸಿರು ಬಿಟ್ಟರೆ ಅದು ಕಣ್ಣು ತೆರೆದು ನನ್ನ ಮೂಗು ನೋಡುತ್ತಿತ್ತು. ನಾಗಪುರದ ತನಕ ನಾನು ಉಸಿರಾಡಿದ್ದು ಕಡಿಮೆಯೇ.

ಜಬಲಪುರ ದಾಟಿ ಒಂದು ಧಾಬಾದಲ್ಲಿ ಊಟಕ್ಕೆ ನಿಂತೆವು. ಸರಪಳಿ ನನ್ನ ಕೈಯಲ್ಲಿತ್ತು. ಕೈ ತೊಳೆಯಲೆಂದು ಅದನ್ನು ಮಂಚದ ಕಾಲಿಗೆ ಸಿಕ್ಕಿಸಿ ಹೋದೆ. ಬಂದು ನೋಡಿದರೆ ಮಂಚ ಇದೆ, ಮೋತ್ಯಾ ಇಲ್ಲ! ಮಾಮಾನ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು. ನಾನು ಹೊಲದ ಕಡೆ ಓಡಿದೆ, ಅವರು ರಸ್ತೆಯ ಕಡೆ ಓಡಿದರು. ಲಾರಿಗಳು ಒಂದರ ಹಿಂದೆ ಒಂದು ಭರ್ರೆಂದು ಹೋಗುತ್ತಿದ್ದವು. ಪ್ರತಿ ಲಾರಿ ಹಾದಾಗಲೂ ನಾನು ಕಣ್ಣು ಮುಚ್ಚುತ್ತಿದ್ದೆ. ವೈನಿಯ ಮುಖ ಕಣ್ಣ ಮುಂದೆ ಬಂತು. ಅರ್ಧ ತಾಸು ಕೂಗಿ ಕೂಗಿ ಗಂಟಲು ಕಟ್ಟಿತು.

ಆಗ ಧಾಬಾದ ಮುಂದೆ ನಿಂತಿದ್ದ ಬಸ್ಸೊಂದು ಹೊರಡಲು ಗುರುಗುಟ್ಟಿತು. ಅದರ ಕಂಡಕ್ಟರ್ ಎರಡು ಬೆಲ್ ಹೊಡೆದ. ಒಳಗಿನಿಂದ, "ಭೌ, ಭೌ!"

ಮಾಮಾ ಎರಡೂ ಕೈ ಮೇಲೆತ್ತಿ ಬಸ್ಸಿಗೆ ಅಡ್ಡ ಬಂದರು. ಮೂವತ್ತು ವರ್ಷ ತನ್ನ ಬಸ್ಸಿಗೆ ಅಡ್ಡ ಬಂದವರನ್ನೆಲ್ಲ ಬೈದ ಮನುಷ್ಯ! ಒಳಗೆ ಹತ್ತಿ ನೋಡಿದರೆ ಮೋತ್ಯಾ ಕಂಡಕ್ಟರನ ಸೀಟಿನಲ್ಲಿ ನೆಟ್ಟಗೆ ಕುಳಿತಿತ್ತು. ಪಾಪ, ಕಂಡಕ್ಟರನೇ ನಿಂತುಕೊಂಡಿದ್ದ.

"ಡ್ಯೂಟಿ ಮ್ಯಾಲ ಇತ್ರಿ ಮಾಮಾ" ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ. ಮೋತ್ಯಾನನ್ನು ಕಾರಿಗೆ ಹತ್ತಿಸಿ, ಬಾಗಿಲು ಎರಡೆರಡು ಸಲ ಎಳೆದು ನೋಡಿ ಸ್ಟೇರಿಂಗ್ ಹಿಡಿದರು.

"ಇವತ್ತ ಇದು ಹೋಗಿದ್ರ ನಾ ಯಾವ ಮಾರಿ ತಗೊಂಡು ಬಾಲಗಾಂವಕ್ಕ ಹೋಗ್ತಿದ್ದೆ?" ಎಂದರು. ಸರಪಳಿ ಬಿಟ್ಟವನು ನಾನು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅಲ್ಲಿಂದ ಗಡಿಯ ತನಕ ಸರಪಳಿಯನ್ನು ನನ್ನ ಮುಂಗೈಗೆ ಸುತ್ತಿಕೊಂಡೇ ಮಲಗಿದೆ.

ಮರುದಿನ ಮಧ್ಯಾಹ್ನ ಗಡಿ. ಕಾರಿನ ಕಾಗದ ಸರಿಯಾಯಿತು, ನಮ್ಮ ಗುರುತಿನ ಚೀಟಿ ಸರಿಯಾಯಿತು. ಜನಾವರ ತಪಾಸಿಸುವ ಮೇಜಿನ ಹಿಂದೆ ಕನ್ನಡಕದ ನೇಪಾಳಿ ಅಧಿಕಾರಿಯೊಬ್ಬರು ಕುಳಿತಿದ್ದರು. ನಾನು ಧೈರ್ಯದಿಂದ ಫಾರ್ಮು ಕೊಟ್ಟೆ. ಮರಾಠಿ ಇವರಿಗೆಲ್ಲಿ ತಿಳಿಯಬೇಕು, ಮುದ್ರೆ ನೋಡಿ ಬಿಟ್ಟಾರು ಎಂಬ ಲೆಕ್ಕ ನನ್ನದು. ಸಾಲಿ ಮಾಸ್ತರನಾಗಿ ಒಂದು ಮಾತು ಮರೆತಿದ್ದೆ. ಮರಾಠಿಗೂ ನೇಪಾಳಿಗೂ ಲಿಪಿ ಒಂದೇ! ಆ ಮಹಾರಾಯರು ಬೆರಳಿಟ್ಟು ಅಕ್ಷರ ಅಕ್ಷರ ಓದತೊಡಗಿದರು.

"ಕೊಂಬು ಇಲ್ಲ," ಎಂದು ಹಿಂದಿಯಲ್ಲಿ ಹೇಳಿ ಮೋತ್ಯಾನ ತಲೆ ನೋಡಿದರು. "ಹೌದು, ಇಲ್ಲ." ಮುಂದೆ ಓದಿದರು. "ಗಳೇಕ್ಕೆ ಹೂಡಿಲ್ಲ." ಪಕ್ಕದವರು ಕಿಸಕ್ಕೆಂದರು. ಅವರೂ ನಗುತ್ತಾ ನಗುತ್ತಾ ಕೆಳಗಿನ ಸಾಲಿಗೆ ಬಂದರು. ಅಲ್ಲಿ ನಗು ನಿಂತಿತು.

"ಮಾಲೀಕರು ಎಲ್ಲಿ?"

ನಾನು ಮಾಮಾನ ಕಡೆ ನೋಡಿದೆ. ನಿಮ್ಮದೇ ಎನ್ನಿ ಮಾಮಾ, ಒಂದೇ ಒಂದು ಸುಳ್ಳು!

"ಊರಾಗ ಅದಾನ್ರಿ. ನಾ ಡ್ರೈವರ್" ಎಂದರು ಮಾಮಾ, ಶುದ್ಧ ಕನ್ನಡದಲ್ಲಿ. ತರ್ಜುಮೆ ಮಾಡುವ ಪಾಪ ನನ್ನ ತಲೆಗೆ.

ಅಧಿಕಾರಿ ಒಳ್ಳೆಯವರೇ. ಆದರೆ ನಿಯಮ ನಿಯಮವೇ. ಇನ್ನೊಬ್ಬರ ನಾಯಿಯನ್ನು ಅವರ ಒಪ್ಪಿಗೆ ಇಲ್ಲದೆ ದೇಶ ದಾಟಿಸುವುದು ಹೇಗೆ? ಮಾಲೀಕರ ಪತ್ರ ತನ್ನಿ, ಇಲ್ಲವೇ ನಾಯಿಯನ್ನು ಈಚೆ ಯಾರಿಗಾದರೂ ಒಪ್ಪಿಸಿ ನೀವು ಹೋಗಿ ಬನ್ನಿ ಎಂದರು. ಯಾರಿಗೆ ಒಪ್ಪಿಸುವುದು? ಮಾಮಾ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು, "ಅಂವ ಸಹಿ ಮಾಡಾಂವಲ್ಲ. ಮಾತಾಡಾಂವಲ್ಲ. ನಡಿ, ಹೊಳ್ಳಿ ಹೋಗೂನು" ಎಂದರು. ಎರಡು ಸಾವಿರ ಕಿಲೋಮೀಟರಿನ ಹತ್ತಿರ ಹತ್ತಿರ ಬಂದು, ಪರದೇಶ ಇಪ್ಪತ್ತು ಹೆಜ್ಜೆ ಇರುವಾಗ!

ನನಗೆ ಸಿಟ್ಟು ಬಂತು. "ಫೋನರ ಹಚ್ಚೂನ್ರಿ!" ಎಂದು ಅವರ ಜೇಬಿನಿಂದ ಫೋನು ಕಸಿದು ವಿಡಿಯೋ ಕಾಲ್ ಹಚ್ಚಿದೆ. ನಮ್ಮ ಕಡೆಯ ನೆಟ್‌ವರ್ಕ್ ಒಂದೇ ಕಡ್ಡಿ ಇತ್ತು.

"ಯಾಕ್ರಿ? ಮೋತ್ಯಾಗ ಏನರ ಆತೇನು?" ವೈನಿಯ ದನಿ ಮೊದಲು ಬಂತು, ಮುಖ ಆಮೇಲೆ. ಸಂಗತಿ ತಿಳಿಸಿದೆ. ಆಕೆ ಫೋನನ್ನು ಕಾಕಾನ ಮುಖದ ಮುಂದೆ ಹಿಡಿದಳು. ಸೊಟ್ಟ ಬಾಯಿ, ಮುಚ್ಚಿದ ಕಣ್ಣು. ಮಾಮಾ ಮೋತ್ಯಾನನ್ನು ಎತ್ತಿ ಫೋನಿನ ಮುಂದೆ ಹಿಡಿದರು.

"ಲೇ, ಗಡಿಗಿ ಬಂದೀವಿ. ನಿನ್ನ ನಾಯಿ ಒಯ್ಯಲೇನು, ಬ್ಯಾಡೇನು? ಹೇಳು."

ಕಾಕಾ ಕಣ್ಣು ತೆರೆದ. ಎಡಗೈ ದಿಂಬಿನ ಕೆಳಗೆ ಏನೋ ತಡಕಿತು. ಹಳೆಯ ಪಂಚು! ನಡುಗುತ್ತಾ ಅದು ಮಂಚದ ಕಬ್ಬಿಣದ ಕಂಬಿಯ ತನಕ ಬಂತು.

ಟಣ್.

ಒಂದೇ. ಕೈ ಜಾರಿ ಹಾಸಿಗೆಯ ಮೇಲೆ ಬಿತ್ತು. ಮಾಮಾನ ಮುಖ ಬಾಡಿತು. ಒಂದು ಬೆಲ್ ಎಂದರೆ ನಿಲ್ಲು. ಅಧಿಕಾರಿ ನನ್ನನ್ನು ನೋಡಿದರು. ನಾನು ಅರ್ಥ ಹೇಳಲೋ ಬೇಡವೋ ತಿಳಿಯದೆ ನಿಂತೆ. ಫೋನಿನಲ್ಲಿ ವೈನಿಯ ಬಿಕ್ಕಳಿಕೆ ಕೇಳಿಸಿತು. ಕೈ ಮತ್ತೆ ಅಲುಗಿತು. ಬೆರಳು ಪಂಚನ್ನು ಹುಡುಕಿತು, ಹಿಡಿಯಿತು, ಎತ್ತಿತು.

ಟಣ್.

"ಭೌ, ಭೌ!" ಎಂದಿತು ಮೋತ್ಯಾ.

"ಇದು ಒಪ್ಪಿಗೆಯೇ?" ಎಂದು ಅಧಿಕಾರಿ ಕೇಳಿದರು. ಎರಡು ಸಲ ಎಂದರೆ ಹೊರಡು ಎಂದು ನಾನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಎತ್ತಿನ ಫಾರ್ಮಿನ ಮೇಲೆ ಮುದ್ರೆ ಒತ್ತಿದರು.

ಕಾರು ಹತ್ತಿದೆವು. ಇಂಜಿನ್ ಚಾಲೂ ಆಯಿತು. ಗೇಟಿನವನು ಕೈ ಮಾಡಿದ, ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಮೋತ್ಯಾ ಇನ್ನೊಮ್ಮೆ ಎರಡು ಸಲ ಬೊಗಳಿತು. ಕಾರು ಮಾತ್ರ ಹೊರಡಲಿಲ್ಲ.

"ಮಾಮಾ, ಡಬಲ್ ಬೆಲ್ ಆತಲ್ರಿ! ಬಿಡ್ರಿ ಗಾಡಿ!"

ವಿಡಿಯೋ ಕಾಲ್ ಇನ್ನೂ ಕಡಿದಿರಲಿಲ್ಲ. ಮಾಮಾ ಆ ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ಗಾಜಿಗೆ ಆನಿಸಿ ಇಡುತ್ತಿದ್ದರು. ಕ್ಯಾಮೆರಾ ರಸ್ತೆಯ ಕಡೆ ತಿರುಗುವ ಹಾಗೆ, ಬೀಳದ ಹಾಗೆ, ಕರವಸ್ತ್ರ ಮಡಚಿ ಕೆಳಗೆ ಒತ್ತು ಕೊಟ್ಟು, ಬಹಳ ನಿಧಾನವಾಗಿ. ಅವರ ಗಲ್ಲ ಒದ್ದೆಯಾಗಿತ್ತು.

"ತಡಿಯೋ ಮಾಸ್ತರ," ಎಂದರು, "ಅಂವ ಇನ್ನಾ ಹತ್ತಾಕತ್ತಾನ. ಕಾಲ ಸರಿ ಇಲ್ಲಲ್ಲ ಅವಂದು."